ಕಾರಣವರ ಹೆಸರಿನಲ್ಲಿ ನಾನು ಕೊಟ್ಟ ಗ್ಲಾಸು

ಬೆಳ್ಯಪ್ಪ ಆಣೆ ಮುರಿದವನಲ್ಲ, ಪೂವಕ್ಕ. ಮುರಿಸಿದವನು ನಾನು, ಅವನ ಒಡಹುಟ್ಟಿದ ಅಣ್ಣ. ಇಷ್ಟು ವರ್ಷ ನಿನ್ನೆದುರು ಓಡಾಡಿಕೊಂಡು, ನೀನು ಬಡಿಸಿದ್ದನ್ನು ಉಂಡು, ಈ ಒಂದು ಮಾತನ್ನು ನುಂಗಿಕೊಂಡು ಬದುಕಿದೆ.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಸಂಪಾಜೆಯ ನಮ್ಮ ಕಡೆ ಸರಾಯಿ ಕುಡಿಯದ ಗಂಡಸನ್ನು ಹುಡುಕಿ ತರಬೇಕಿತ್ತು. ಅಂಥದ್ದರಲ್ಲಿ ಗದ್ದೆಯ ಬದುವಿನಲ್ಲಿ ಬಿದ್ದಿರುತ್ತಿದ್ದ ಗಂಡನನ್ನು ನೀನು ತವರಿಗೆ ಕರೆದೊಯ್ದು, ನಡುಕ, ವಾಂತಿ, ಬೈಗುಳ ಎಲ್ಲ ಸಹಿಸಿ, ಮನುಷ್ಯನನ್ನಾಗಿ ಮಾಡಿ ತಂದೆ. ಮಗುವಿನ ತಲೆ ಮುಟ್ಟಿ ಆಣೆ ಹಾಕಿದ್ದ ಅವನು. ನನಗೆ ಸಂತೋಷವಾಗಬೇಕಿತ್ತು —

ಆ ವರ್ಷ ಕಾರಣವರಿಗೆ ಬಡಿಸುವ ದಿನ. ತೀರಿಹೋದ ಹಿರಿಯರಿಗೆ ಎಲೆ ಹಾಕಿ, ಕೋಳಿ, ರೊಟ್ಟಿ, ಸರಾಯಿ ಇಟ್ಟು, ಬಾಗಿಲು ಮುಚ್ಚಿ ತೆರೆದ ಮೇಲೆ ಗಂಡಸರೆಲ್ಲ ಅದನ್ನು ಹಂಚಿಕೊಳ್ಳಬೇಕು. ಮನೆಗೆ ಹಿರಿಯ, ಹಂಚುವವನು ನಾನು. ನೀನು ಅಡುಗೆಮನೆಯಲ್ಲಿದ್ದೆ. ಬೆಳ್ಯಪ್ಪ ಗ್ಲಾಸು ನೋಡಿ, ಬೇಡವೆಂದು ಹಿಂದೆ ಸರಿದ.

"ಬೊತ್ತು ಅಣ್ಣ, ನಂಗೆ ಬೊತ್ತು. ಒಂದು ಗುಟುಕು ಹೋದ್ರೆ ನಾ ಮತ್ತೆ ಉಳಿಯಲೆ."

"ಇದ್ ಸರಾಯಿ ಅಲ್ಲ, ಪ್ರಸಾದ. ಬೊತ್ತುತ ಹೇಳ್ರೆ ಮನೆಗೆ ಒಳ್ಳೇದಾಲೆ," ಎಂದೆ ನಾನು, ಮನೆಗೆ ಕೇಡಾದೀತೆಂದು ಹೆದರಿಸಿ, ಸುತ್ತಲಿದ್ದ ಗಂಡಸರಿಗೆಲ್ಲ ಕೇಳುವಂತೆ.

ಭಕ್ತಿಯಿಂದ ಹೇಳಿದೆನೇ? ಇಲ್ಲ, ಪೂವಕ್ಕ. ಬಾಯಿಗೆ ಒಂದು ತೊಟ್ಟು ಮುಟ್ಟಿಸಿದ್ದರೂ ಶಾಸ್ತ್ರ ಮುಗಿಯುತ್ತಿತ್ತು. ನಾನು ಗ್ಲಾಸು ತುಂಬಿ ಕೊಟ್ಟೆ. ನಾನೂ ಬಿಡಬೇಕೆಂದು ಎಷ್ಟೋ ಸಲ ಹೆಣಗಿ ಸೋತವನು — ತಮ್ಮ ಗೆದ್ದುಬಿಟ್ಟನಲ್ಲ ಎಂಬ ಹೊಟ್ಟೆಕಿಚ್ಚು. ಅವನು ನೆಟ್ಟಗೆ ನಿಂತರೆ ನಾನು ತೂರಾಡುವುದು ಎಲ್ಲರಿಗೂ ಕಾಣುತ್ತದಲ್ಲ! ಅವನು ಕಣ್ಣು ಮುಚ್ಚಿ ಕುಡಿದ. ನನಗೆ ನಿರಾಳವಾಯಿತು. ಹೌದು, ನಿರಾಳವಾಯಿತು. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಆಮೇಲೆ ನಡೆದದ್ದು ನಿನಗೆ ಗೊತ್ತು. ಮತ್ತೆ ಕುಡಿತಕ್ಕೆ ಬಿದ್ದ, ಕಣ್ಣು ಹಳದಿಯಾಯಿತು, ಹೊಟ್ಟೆ ಊದಿತು. "ಕದ್ದು ಕುಡಿದ, ಹೆಂಡತಿ ನಿಗಾ ಇಡಲಿಲ್ಲ" ಎಂದು ಊರಿಗೆಲ್ಲ ಸಾರಿದವನೂ ನಾನೇ. ಅಂದು ಕಂಡ ಗಂಡಸರು ಮನೆಯ ಹಿರಿಯನಿಗೆ ಎದುರಾಡಲಿಲ್ಲ, ನೀನದನ್ನು ನಂಬಿದೆ. "ಅಪ್ಪನ ಹಾಗೆ ಮಾತಿಗೆ ತಪ್ಪಬೇಡ" ಎಂದು ಮಗನಿಗೆ ಹೇಳಿಕೊಂಡೇ ಬೆಳೆಸಿದೆ. ನಾನು ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದೆ.

ಸಾಯುವ ಮುಂಚೆ ಮಡಿಕೇರಿಯ ಆಸ್ಪತ್ರೆಯಲ್ಲಿ ಅವನು ನನ್ನ ಕೈ ಹಿಡಿದು ಹೇಳಿದ್ದು ಇಷ್ಟೇ: "ಅವ್ಳಿಗೆ ಹೇಳ್ಬೇಡ ಅಣ್ಣ. ಅವ್ಳು ನಿನ್ನ ಮನೆಲೇ ಬದ್ಕೊಕು."

ನನ್ನನ್ನು ಕ್ಷಮಿಸಿದ ಎಂದುಕೊಂಡೆ. ಅಲ್ಲ — ನಿಜ ತಿಳಿದು ನೀನು ನನ್ನೊಡನೆ ಜಗಳವಾಡಿದರೆ ನಾನು ನಿನ್ನನ್ನೂ ಮಗುವನ್ನೂ ಹೊರಗೆ ಹಾಕಿಯೇನೆಂದು ಹೆದರಿದ್ದ. ನನ್ನನ್ನು ಅವನು ಸರಿಯಾಗಿಯೇ ಅಳೆದಿದ್ದ.

ಈಗ ನೀನು ಸಿದ್ದಾಪುರದಲ್ಲಿ, ಮಗನ ಮನೆಯಲ್ಲಿದ್ದೀಯ, ನನ್ನ ಹಂಗಿಲ್ಲ. ಬರೆಯುವ ಕೈ ನಡುಗುತ್ತಿದೆ, ಅದು ನಿಲ್ಲಲು ಏನು ಬೇಕೆಂದು ನಿನಗೆ ಗೊತ್ತು. ಭಾನುವಾರದ ಬಸ್ಸಿಗೆ ಬರುತ್ತೇನೆ. ನಿನ್ನ ಮಗನೆದುರು ಇದನ್ನೆಲ್ಲ ನನ್ನ ಬಾಯಿಂದಲೇ ಹೇಳಬೇಕು. ಕುಡಿಯದೆ ಬರಲು ನೋಡುತ್ತೇನೆ. ಕುಡಿದು ಬಂದರೂ ಬಾಗಿಲು ಹಾಕಬೇಡ, ಹೇಳುವವರೆಗೆ ನಿಲ್ಲಿಸಿಕೊಂಡು ಕೇಳು.