ಒಂದು ಡಿಸ್ಕಿಗೆ ಹಿಡಿಸಿದ ಜಮಖಾನ

ಹತ್ತು ಹನ್ನೆರಡು ವರ್ಷಗಳ ಹಿಂದೆ ನವಲಗುಂದದ ಬಸ್ ನಿಲ್ದಾಣದ ಬಾಜು ನನ್ನದೊಂದು ವಿಡಿಯೋ ಅಂಗಡಿ ಇತ್ತು. ತಿರ್ಲಾಪುರದಿಂದ ಅಣ್ಣಿಗೇರಿಯವರೆಗೆ ಎಲ್ಲಿ ಮದುವೆ, ಸೀಮಂತ ಇದ್ದರೂ ಕ್ಯಾಮೆರಾ ಹೊತ್ತು ಹೋಗುತ್ತಿದ್ದೆ. ಶೂಟಿಂಗು ಅಂಥ ಕಷ್ಟದ ಕೆಲಸವಲ್ಲ. ಕಷ್ಟ ಶುರುವಾಗುತ್ತಿದ್ದದ್ದು ಅದನ್ನು ಡಿವಿಡಿ ಡಿಸ್ಕಿಗೆ ಹಿಡಿಸುವಾಗ. ಒಂದು ಡಿಸ್ಕಿನಲ್ಲಿ ಚೊಕ್ಕವಾಗಿ ಕೂರುವುದು ಒಂದು ತಾಸಿನ ಚಿತ್ರ. ಎರಡು ತಾಸು ತುಂಬಿದರೂ ನಡೆಯುತ್ತದೆ. ಅದಕ್ಕೂ ಮೀರಿದರೆ ಮುಖಗಳು ಒಡೆದು ಚೌಕ ಚೌಕವಾಗಿ ಕಾಣತೊಡಗುತ್ತವೆ. ಇದನ್ನು ಎಷ್ಟು ಹೇಳಿದರೂ ಜನ ಒಪ್ಪುತ್ತಿರಲಿಲ್ಲ. ಊಟದ ಪಂಕ್ತಿಯಲ್ಲಿ ತಮ್ಮ ಕಡೆಯವರನ್ನೇ ಕತ್ತರಿಸಿದ್ದೇನೆಂದು ಜಗಳಕ್ಕೆ ಬರುತ್ತಿದ್ದರು. ಏನನ್ನು ಇಡಬೇಕು, ಏನನ್ನು ಬಿಡಬೇಕು ಎಂಬುದು ನನಗೆ ಅವರಿಗಿಂತ ಚೆನ್ನಾಗಿ ಗೊತ್ತು ಎಂದೇ ನಾನು ನಂಬಿದ್ದೆ.

ಅಂಗಡಿಯ ಹಿಂದಿನ ಓಣಿಯಲ್ಲಿ ಜಮಖಾನ ನೇಯುವ ವೃದ್ಧೆಯೊಬ್ಬರಿದ್ದರು. ನಾನು ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ, ಅವರು ನನ್ನನ್ನು ತಮ್ಮಾ ಎನ್ನುತ್ತಿದ್ದರು. ಒಂದು ದಿನ ಸರ್ಕಾರಿ ಕಚೇರಿಯ ಕಾಗದವೊಂದನ್ನು ಹಿಡಿದು ಅಂಗಡಿಗೆ ಬಂದರು. ಹಿರಿಯ ನೇಕಾರರೆಂದು ಮನ್ನಣೆ ಕೊಡಲು ಅವರು ನೇಯುವುದನ್ನು ವಿಡಿಯೋ ಮಾಡಿಸಿ ಒಂದು ಡಿಸ್ಕಿನಲ್ಲಿ ಕಳಿಸಬೇಕು ಎಂದಿತ್ತು. ಮರುದಿನದಿಂದ ಎಂಟು ದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ನೆಟ್ಟಗೆ ನಿಂತ ಮಗ್ಗದ ಮುಂದೆ ಕೂತು, ಎಳೆ ಹಾಯಿಸಿ, ಬಾಚಣಿಗೆಯಂಥ ಕಬ್ಬಿಣದ ಪಂಜಾದಿಂದ ಕೆಳಗೆ ಬಡಿದು ಕೂರಿಸುತ್ತಿದ್ದರು. ನವಿಲು ಮೂಡುವ ಜಾಗ ಬಂದಾಗ ಮೆಲುದನಿಯಲ್ಲಿ ಉರ್ದುವಿನಲ್ಲಿ ಎಣಿಸುತ್ತಿದ್ದರು: ಇಷ್ಟು ಕೆಂಪು, ಇಷ್ಟು ಕಪ್ಪು, ಮತ್ತೆ ಕೆಂಪು. ಆ ಎಣಿಕೆ ಎಲ್ಲೂ ಬರೆದಿಟ್ಟದ್ದಲ್ಲ. ಅವರ ಬಾಯಲ್ಲಿ ಮಾತ್ರ ಇತ್ತು.

ಆ ಮನೆತನದಲ್ಲಿ ನೇಯ್ಗೆ ಹೋಗುವುದು ಸೊಸೆಗೆ, ಮಗಳಿಗಲ್ಲ. ಮಗಳು ಕಲಿತರೆ ವಿದ್ಯೆ ಇನ್ನೊಂದು ಮನೆಯ ಪಾಲಾಗುತ್ತದೆ ಎಂಬುದು ಕಾರಣ. ಸೊಸೆ ಕಲಿತಿದ್ದಳು, ಆದರೆ ಗಂಡನ ಸಂಗಡ ಗೋವಾ ಸೇರಿ ಮಗ್ಗ ಮರೆತಿದ್ದಳು. ಮಗಳನ್ನು ಅಣ್ಣಿಗೇರಿಗೆ ಕೊಟ್ಟಿದ್ದರು; ಗಂಡ ಬಿಟ್ಟ ಮೇಲೆ ಅವರು ತವರಿಗೆ ಬಂದು ಹೊಲಿಗೆ ಕೆಲಸ ಮಾಡಿಕೊಂಡು ತಾಯಿಯೊಡನೆ ಇದ್ದರು. ನೂಲಿಗೆ ಬಣ್ಣ ಹಾಕುವುದು, ಉಂಡೆ ಸುತ್ತುವುದು ಅವರ ಪಾಲಿನ ಕೆಲಸ. ಮಗ್ಗದ ಮುಂದೆ ಅವರು ಕೂತದ್ದನ್ನು ನಾನು ನೋಡಲಿಲ್ಲ.

ಒಟ್ಟು ಒಂಬತ್ತು ತಾಸಿನ ಚಿತ್ರವಾಗಿತ್ತು. ಅದನ್ನು ಒಂದು ತಾಸಿಗೆ ಇಳಿಸಲು ಖಾಲಾ ನನ್ನ ಪಕ್ಕದಲ್ಲೇ ಬಂದು ಕೂತರು. ಬೆರಳು ಎಳೆಗಳ ನಡುವೆ ಓಡಾಡುವುದು ಹತ್ತಿರದಿಂದ ಕಂಡಾಗಲೆಲ್ಲ, ಎಣಿಕೆಯ ದನಿ ಕೇಳಿದಾಗಲೆಲ್ಲ, ತೆಗೆಯಲು ಹೇಳಿದರು. ಇದನ್ನೆಲ್ಲ ತೆಗೆದರೆ ಉಳಿಯುವುದೇನು ಎಂದು ಕೇಳಿದೆ.

"ನಾ ನೇಯತೀನಿ ಅಂತ ಅವ್ರಿಗೆ ಗೊತ್ತಾದ್ರ ಸಾಕು, ತಮ್ಮಾ. ಹ್ಯಾಂಗ ನೇಯತೀನಿ ಅನ್ನೂದು ಅವ್ರಿಗೆ ಯಾಕ ಬೇಕು? ಉಳದದ್ದೆಲ್ಲಾ ಅಳಿಸಿಬಿಡು."

ಅಳಿಸುತ್ತೇನೆ ಎಂದು ಮಾತು ಕೊಟ್ಟೆ. ಡಿಸ್ಕು ಕಚೇರಿಗೆ ಹೋಯಿತು.

ಮೂರು ದಿನದ ನಂತರ ಮಧ್ಯಾಹ್ನ ಮಗಳು ಬಂದರು. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದ್ದನ್ನು ನೋಡಿಕೊಂಡೇ ಒಳಗೆ ಬಂದಿರಬೇಕು. ತಾಯಿಯ ಕಣ್ಣು ಮಂಜಾಗುತ್ತಿದೆ, ಸೊಸೆ ಇನ್ನು ತಿರುಗಿ ಬರುವವಳಲ್ಲ ಎಂದರು. ಅಳಿಸಿದ್ದೀರಾ ಎಂದು ಕೇಳಿದರು. ಇನ್ನೂ ಇಲ್ಲ ಎಂದೆ. ನಿಜಕ್ಕೂ ಅಳಿಸಿರಲಿಲ್ಲ, ಕೆಲಸದ ಗದ್ದಲದಲ್ಲಿ ಹಾಗೇ ಉಳಿದಿತ್ತು.

"ಅಷ್ಟೂ ಒಂದ ಡಿಸ್ಕಿಗೆ ಹಾಕಿ ಕೊಡ್ರಿ ಅಣ್ಣಾರ. ಒಂದಾದ್ರ ಹೊಲಿಗಿ ಅರಿವಿಯೊಳಗ ಮುಚ್ಚಿ ಇಡತೀನಿ. ಮಸಕಾದ್ರೂ ಅಡ್ಡಿಯಿಲ್ಲ, ಬಟ್ಟು ಆಡೂದು ಕಂಡ್ರ ಸಾಕು."

ಕೊಟ್ಟ ಮಾತು ನೆನಪಿತ್ತು. ಆದರೂ ಮಾಡಿಕೊಟ್ಟೆ. ಒಬ್ಬ ಮುದುಕಿಯ ಹಟಕ್ಕೆ ಒಂದು ವಿದ್ಯೆ ಮಣ್ಣುಪಾಲಾಗುವುದು ಬೇಡ ಎಂದು ನನಗೆ ನಾನೇ ಹೇಳಿಕೊಂಡೆ. ಚಿತ್ರದ ಗಾತ್ರ ಕುಗ್ಗಿಸಿ, ಗುಣಮಟ್ಟ ಇಳಿಸಿ ಎಷ್ಟು ಒತ್ತಿದರೂ ನಾಲ್ಕು ತಾಸಿಗಿಂತ ಹೆಚ್ಚು ಹಿಡಿಸಲಿಲ್ಲ. ಅದಕ್ಕೂ ಮೀರಿದರೆ ಬೆರಳೂ ನೂಲೂ ಕಲಸಿ ಮುದ್ದೆಯಾಗುತ್ತಿದ್ದವು. ಧ್ವನಿ ಮಾತ್ರ ಚೊಕ್ಕವಾಗಿ ಉಳಿಯಿತು. ಅದಕ್ಕೆ ಬೇಕಾಗುವ ಜಾಗ ಕಡಿಮೆ. ಉಳಿದ ಐದು ತಾಸನ್ನು ನಾನೇ ಆರಿಸಿ ಬಿಟ್ಟೆ. ಮಾಡಿದ್ದನ್ನೇ ಮತ್ತೆ ಮಾಡುತ್ತಿದ್ದಾರೆ ಎಂದು ನನ್ನ ಕಣ್ಣಿಗೆ ಕಂಡ ಭಾಗಗಳವು.

ಎರಡು ತಿಂಗಳಿಗೆ ಖಾಲಾಗೆ ಮನ್ನಣೆಯ ಪತ್ರ ಬಂತು. ಅವತ್ತು ಅವರೇ ಒಂದು ಡಬ್ಬಿಯಲ್ಲಿ ಸಿಹಿ ತಂದು ನನ್ನ ಕೈಗೆ ಕೊಟ್ಟು, ನಿನ್ನಿಂದ ಆಯಿತು ಎಂದು ತಲೆ ಮುಟ್ಟಿ ಹರಸಿದರು. ನನಗೆ ಅವರ ಮುಖ ನೋಡಲಾಗಲಿಲ್ಲ. ಡಬ್ಬಿಯನ್ನು ಹಾಗೇ ಮನೆಗೆ ಒಯ್ದು ಹೆಂಡತಿಗೆ ಕೊಟ್ಟೆ.

ಅದಾಗಿ ಸ್ವಲ್ಪ ದಿನಕ್ಕೆ ಖಾಲಾ ಮತ್ತೆ ಬಂದರು. ನೆರೆಮನೆಗೆಂದು ಹೋದವರು ಬೇಗ ತಿರುಗಿ ಬಂದಿದ್ದರಂತೆ. ಬಾಗಿಲಲ್ಲಿ ನಿಂತಾಗ ಒಳಗಿನಿಂದ ಅವರದೇ ದನಿ ಎಣಿಸುವುದು ಕೇಳಿಸಿತಂತೆ. ನಾನು ತಪ್ಪಾಯಿತು ಎಂದೆ. ನಿಮ್ಮ ಮಗಳೇ ಅಲ್ಲವೇ, ಪರರಿಗೇನೂ ಕೊಟ್ಟಿಲ್ಲವಲ್ಲ ಎಂದೂ ಅಂದೆ. ಅದನ್ನು ಆಡಬಾರದಿತ್ತು.

"ಆಕಿ ನನ್ನ ಮಗಳು ಅನ್ನೂದು ನನಗ ಗೊತ್ತೈತಿ. ಕೊಡೂದು ಬಿಡೂದು ನಂದಿತ್ತು," ಎಂದರು. "ಆಕೀನ ನನ್ನ ಮುಂದ ಕುಂತು ಕೇಳಿದ್ರ ಏನ ಹೇಳತಿದ್ನೋ ಏನೋ. ನೀ ಕೇಳಾಕ ಬಿಡಲಿಲ್ಲ."

ಆಮೇಲೆ ಕಂಪ್ಯೂಟರ್ ಕಡೆ ಕೈ ತೋರಿಸಿದರು. ಅವರ ಎದುರಿಗೇ ಒಂದೊಂದಾಗಿ ಎಲ್ಲ ಫೈಲು ಅಳಿಸಿದೆ. ಒಂಬತ್ತು ತಾಸೂ ಹೋಯಿತು. ಈ ಸಲ ಮಾತು ಉಳಿಸಿಕೊಳ್ಳುತ್ತಿದ್ದೇನೆ ಎಂಬ ಅವಸರವೇ ನನ್ನಲ್ಲಿತ್ತು. ಮಗಳ ಕೈಯಲ್ಲಿದ್ದ ಡಿಸ್ಕನ್ನು ಮಾತ್ರ ಅವರು ಕಿತ್ತುಕೊಳ್ಳಲಿಲ್ಲ. ಅದರ ಬಗ್ಗೆ ತಾಯಿ ಮಗಳ ನಡುವೆ ಏನು ಮಾತಾಯಿತೋ ನನಗೆ ತಿಳಿಯದು. ಖಾಲಾ ಮತ್ತೆ ನನ್ನ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಓಣಿಯಲ್ಲಿ ಎದುರಾದರೆ ನಮಸ್ಕಾರಕ್ಕೆ ತಲೆಯಾಡಿಸುತ್ತಿದ್ದರು, ತಮ್ಮಾ ಎನ್ನುತ್ತಿರಲಿಲ್ಲ. ಮೂರನೆಯ ವರ್ಷ ತೀರಿಕೊಂಡರು. ಮಣ್ಣಿಗೆ ಹೋದೆ, ಹಿಂದೆ ನಿಂತು ಬಂದೆ.

ತಾಯಿ ಇರುವತನಕ ಮಗಳು ಮಗ್ಗ ಮುಟ್ಟಿರಲಿಲ್ಲ. ನಲವತ್ತು ದಿನ ಕಳೆದ ಮೇಲೆ ನನ್ನನ್ನು ಕರೆಸಿದರು. ಮಗ್ಗದ ಮೇಲೆ ಅರ್ಧ ಜಮಖಾನ ಏರಿತ್ತು. ನವಿಲಿನ ಕಾಲು, ಮೈ, ಬಾಲದ ಒಂದು ಭಾಗ ಮೂಡಿದ್ದವು. ಕುತ್ತಿಗೆ ಶುರುವಾಗುವಲ್ಲಿ ಎಳೆಗಳು ಎತ್ತೆತ್ತಲೋ ಹೋಗಿ, ನಾಲ್ಕೈದು ಸಲ ಬಿಚ್ಚಿ ಕಟ್ಟಿದ ಗುರುತಿತ್ತು. ಡಿಸ್ಕಿನಲ್ಲಿ ಮೈ ಮುಗಿದ ಕೂಡಲೆ ಕೊಕ್ಕಿನ ಎಣಿಕೆ ಬರುತ್ತದೆ, ನಡುವಿನದು ಇಲ್ಲ ಎಂದರು. ನನಗೆ ಕೂಡಲೆ ಹೊಳೆಯಿತು. ಅದೇ ಎಣಿಕೆ ಮತ್ತೆ ಬಂತೆಂದು ನಾನು ಬಿಟ್ಟದ್ದು. ಸಾಲಿಗೆ ಒಂದೊಂದೇ ಎಳೆ ಕಡಿಮೆಯಾಗುತ್ತಿದ್ದದ್ದು ನನ್ನ ಕಿವಿಗೆ ತಿಳಿದಿರಲಿಲ್ಲ.

"ಎಲ್ಲೆರ ಉಳದಿರಬೇಕು ನೋಡ್ರಿ," ಎಂದರು.

ಅಳಿಸಿದ್ದನ್ನು ಹೇಳಿದೆ. ಅವರು ಬಿಚ್ಚಿದ ನೂಲನ್ನು ಉಂಡೆಗೆ ಸುತ್ತಿಕೊಂಡರು. ನಾಲ್ಕು ತಾಸಾದರೂ ಕೊಟ್ಟಿರಲ್ಲ ಎಂದರು. ಬೈದಿದ್ದರೆ ಹಗುರಾಗುತ್ತಿತ್ತು.

ಗೋವಾದ ಸೊಸೆಗೆ ಫೋನು ಮಾಡಿ ಕೇಳಿದರಂತೆ. ಆಕೆಗೆ ಕೈ ಮರೆತುಹೋಗಿತ್ತು. ಕಡೆಗೆ ಅವರು ನವಿಲನ್ನು ಪೂರಾ ಬಿಚ್ಚಿ, ಆ ಜಾಗದಲ್ಲಿ ಪಟ್ಟೆ ಮತ್ತು ಚೌಕ ನೇಯ್ದು ಮುಗಿಸಿದರು. ಈಗಲೂ ನೇಯುತ್ತಾರೆ, ಕೊಳ್ಳುವವರಿದ್ದಾರೆ. ಹಳೆಯ ಗಿರಾಕಿಗಳು ನವಿಲು ಕೇಳಿದರೆ ಅದು ಬರುವುದಿಲ್ಲ ಎನ್ನುತ್ತಾರೆ. ಯಾಕೆ ಎಂದು ಹೇಳುವುದಿಲ್ಲ.

ನನ್ನ ಅಂಗಡಿ ಮುಚ್ಚಿದೆ. ಈಗ ಎಲ್ಲರ ಕೈಯಲ್ಲೂ ಮೊಬೈಲು. ಮನೆಯ ಕಪಾಟಿನಲ್ಲಿ ಆಮೇಲಿನ ವರ್ಷಗಳ ಹಾರ್ಡ್ ಡಿಸ್ಕುಗಳಿವೆ, ಒಂದನ್ನೂ ಅಳಿಸಿಲ್ಲ. ಯಾರದೋ ಮದುವೆಯ ಪಂಕ್ತಿ, ಯಾರದೋ ಆರತಿ. ಕೇಳಿಕೊಂಡು ಯಾರೂ ಬಂದಿಲ್ಲ. ಹೆಂಡತಿ ಜಾಗಕ್ಕಾಗಿ ಬೇಸರ ಮಾಡಿಕೊಳ್ಳುತ್ತಾಳೆ. ಮುಂದಿನ ವಾರ ನೋಡೋಣ ಎಂದು ಕಪಾಟಿನ ಬಾಗಿಲು ಹಾಕುತ್ತೇನೆ.