ಹತ್ತು ಅಡಿ ಸರಿದ ನಕ್ಷೆ

ತಿಪಟೂರಿನ ಒಂದು ಸರ್ವೆ ಆಫೀಸಿನಲ್ಲಿ ನನ್ನದು ನಕ್ಷೆ ಬರೆಯುವ ಕೆಲಸ. ಬರೆಯುವುದು ಅಂದರೆ ಈಗ ಪೆನ್ನೂ ಇಲ್ಲ, ಸ್ಕೇಲೂ ಇಲ್ಲ. ಕಂಪ್ಯೂಟರ್ ಮುಂದೆ ಕೂತು ಮೌಸ್ ಒತ್ತುವುದು. ಹದಿನೆಂಟು ವರ್ಷದಿಂದ ಒತ್ತುತ್ತಿದ್ದೇನೆ. ಮಣಿಕಟ್ಟಿನ ನೋವು ಬಿಟ್ಟರೆ ಬೇರೆ ಸಂಪಾದನೆ ಏನೂ ಕಾಣಲಿಲ್ಲ ಅಂತ ಹೆಂಡತಿ ಆಗಾಗ ಚುಚ್ಚುತ್ತಾಳೆ. ದಂಡಿನಶಿವರದ ಕಡೆಯ ನಮ್ಮೂರಿನಿಂದ ದಿನಾ ಬೈಕಿನಲ್ಲಿ ಹೋಗಿ ಬರುತ್ತೇನೆ.

ಹೋದ ವರ್ಷ ನಮ್ಮೂರಿನ ಹಳೇ ಗಾಡಿ ದಾರಿಯನ್ನು ಅಗಲ ಮಾಡಿ ಡಾಂಬರು ಹಾಕುವ ಕೆಲಸದ ನಕ್ಷೆ ನಮ್ಮ ಆಫೀಸಿಗೇ ಬಂತು. ಆ ದಾರಿಯ ಈ ಕಡೆ ನಮ್ಮ ಮನೆ, ಅದಕ್ಕೆ ಹೊಂದಿಕೊಂಡು ತೆಂಗಿನ ತೋಟ. ಆ ಕಡೆ ಒಬ್ಬಂಟಿ ಅಜ್ಜಿಯ ಮನೆ. ನಮ್ಮ ತೋಟದಲ್ಲಿ ದಾರಿಗೆ ಅಂಟಿಕೊಂಡ ಕೊನೆಯ ಸಾಲಿನಲ್ಲಿ ನನ್ನ ಅಕ್ಕನ ಮಗಳು ಮಲಗಿದ್ದಾಳೆ.

ಅಕ್ಕ ಗಂಡ ಸತ್ತ ಮೇಲೆ ಮಗಳನ್ನು ಕಟ್ಟಿಕೊಂಡು ನಮ್ಮ ಮನೆಗೆ ಬಂದವಳು. ಆ ಮಗು ಏಳು ವರ್ಷಕ್ಕೆ ಜ್ವರದಲ್ಲಿ ಹೋಯಿತು. ಆ ಸಾಲಿನಲ್ಲಿ ಒಂದು ಮರ ಒಣಗಿ ಬಿದ್ದು ಜಾಗ ಖಾಲಿಯಿತ್ತು; ಅಲ್ಲೇ ಮಣ್ಣು ಮಾಡಿದೆವು. ತಲೆಯ ಕಡೆ ಅಕ್ಕ ಒಂದು ತೆಂಗಿನ ಸಸಿ ಇಟ್ಟಳು. ಅದಕ್ಕೆ ಈಗ ಎಂಟು ವರ್ಷ. ಮನೆಯಲ್ಲಿ ಎಲ್ಲರೂ ಅದನ್ನು ಮಗು ಗಿಡ ಅಂತಲೇ ಕರೆಯುತ್ತೇವೆ. ಅಕ್ಕಿ ತೊಳೆದ ನೀರನ್ನು ಅಕ್ಕ ಹಸುವಿಗೂ ಕೊಡುವುದಿಲ್ಲ, ಅದರ ಬುಡಕ್ಕೇ ಒಯ್ದು ಸುರಿಯುತ್ತಾಳೆ. ರಸ್ತೆಯ ಸುದ್ದಿ ಬಂದ ವರ್ಷವೇ ಅದು ಮೊದಲ ಹೊಂಬಾಳೆ ಒಡೆದಿತ್ತು.

"ಮಗು ಗಿಡ ಉಳೀತದೇನ್ಲಾ?" ಅಂತ ಅಕ್ಕ ಕೇಳತೊಡಗಿದಳು. ಬೆಳಿಗ್ಗೆ ಕಾಫಿ ಕೊಡುವಾಗ ಒಂದು ಸಲ, ಸಂಜೆ ಬೈಕು ನಿಲ್ಲಿಸುವಾಗ ಇನ್ನೊಂದು ಸಲ. ನನಗೆ ರೇಗುತ್ತಿತ್ತು. "ನಂಗೇನ್ ಕನಸು ಬಿದ್ದದಾ? ನಕ್ಷೆ ಆಗ್ಲಿ ತಡಿಯಕ್ಕ" ಅನ್ನುತ್ತಿದ್ದೆ.

ನಮ್ಮ ಕೆಲಸ ಹೀಗೆ. ಹುಡುಗರು ಮೆಷಿನ್ನು ಇಟ್ಟು ಊರಿನಲ್ಲಿ ಇವತ್ತು ಇರುವುದನ್ನೆಲ್ಲ ಅಳೆದುಕೊಂಡು ಬರುತ್ತಾರೆ: ಮನೆ, ಮರ, ಕಂಬ, ಬಾವಿ. ಅದರ ಕೆಳಗೆ ನಾನು ಹಳೇ ಗ್ರಾಮ ನಕ್ಷೆಯನ್ನು ಹಾಸಬೇಕು. ಇದಕ್ಕೆ ರೆಫರೆನ್ಸ್ ಅನ್ನುತ್ತೇವೆ. ಸೀರೆಗೆ ಫಾಲ್ ಹಾಕಿದ ಹಾಗೆ. ಅದು ಓರೆಯಾದರೆ ಮೇಲಿನದ್ದೂ ಓರೆ. ದಾರಿಗೆ ಸೇರಿದ ಜಾಗ ಎಷ್ಟು ಅನ್ನುವುದು ಇರುವುದು ಆ ಹಳೇ ನಕ್ಷೆಯಲ್ಲೇ. ಅದನ್ನು ಸರಿಯಾಗಿ ಕೂರಿಸಲು ಗಡಿ ತೋರಿಸುವ ಎರಡು ಬಾಂದು ಕಲ್ಲು ಬೇಕು. ನಕ್ಷೆಯಲ್ಲಿರುವ ಕಲ್ಲನ್ನು ಹಿಡಿದು, ನೆಲದಲ್ಲಿ ಅಳೆದ ಅದೇ ಕಲ್ಲಿನ ಮೇಲೆ ತಂದು ಇಡಬೇಕು. ಆಮೇಲೆ ಎರಡನೆಯದು. ಇಡೀ ನಕ್ಷೆ ತಿರುಗಿ ಬಂದು ಕೂರುತ್ತದೆ.

"ನಿಮ್ಮೂರೇ ಅಲ್ವೇನ್ರೀ, ಗಟ್ಟಿ ಕಲ್ಲು ಯಾವ್ದು ಅಂತ ನೀವೇ ಹೇಳಿ" ಅಂದರು ಆಫೀಸಿನ ಸಾಹೇಬರು. ಮೊದಲನೆಯದಾಗಿ ನಮ್ಮ ತೋಟದ ಮೂಲೆಯ ಕಲ್ಲನ್ನೇ ತೋರಿಸಿದೆ. ಎರಡನೆಯದು ಊರಿನ ಆ ತುದಿಯದು. ನಕ್ಷೆ ಕೂತಿತು. ರಸ್ತೆಯ ಅಂಚು ಮಗು ಗಿಡದಿಂದ ಆಚೆಗೆ ಹಾದುಹೋಯಿತು. ಅವತ್ತು ಊರಿಗೆ ಬಂದವನು ಬೈಕಿನಿಂದ ಇಳಿಯುವ ಮೊದಲೇ, "ಉಳೀತದೆ ಕಣಕ್ಕ" ಅಂದೆ. ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ನನ್ನ ಹೆಂಡತಿ ಪಾಯಸ ಮಾಡಿದಳು.

ಮುಂದಿನ ವಾರ ಅದೇ ನಕ್ಷೆ ಹಿಡಿದುಕೊಂಡು ಬಂದವರು ಎದುರು ಮನೆ ಅಜ್ಜಿಯ ಗೋಡೆಗೆ ಕೆಂಪು ಬಣ್ಣದ ಗೀಟು ಎಳೆದು ಹೋದರು. ಜಗಲಿ ಪೂರ್ತಿ, ನಡುಮನೆಯಲ್ಲಿ ಅರ್ಧ ಹೋಗುತ್ತದೆ ಎಂದು ಲೆಕ್ಕ. ಅಜ್ಜಿ ಕೋಲೂರಿಕೊಂಡು ನಮ್ಮ ಮನೆಗೆ ಬಂದು ಹೊಸಿಲ ಹೊರಗೇ ಕೂತಿತು.

"ಜಗಲಿ ಹೋದ್ರೆ ನಾನ್ ಎಲ್ ಕೂತ್ಕಳನಪ್ಪ? ಒಳಗಡೆ ಕೂತ್ರೆ ಉಸ್ರು ಕಟ್ತದೆ ನಂಗೆ."

"ಸರ್ಕಾರದ್ ಕೆಲ್ಸ ಅಜ್ಜಿ, ನಾನೇನ್ ಮಾಡ್ಲಿ" ಅಂದುಬಿಟ್ಟೆ. ಅಕ್ಕ ಒಳಗಿನಿಂದ ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು ಅಜ್ಜಿಗೆ ಕಾಫಿ ತಂದುಕೊಟ್ಟಳು.

ತಪ್ಪು ಹಿಡಿದವರು ಸಾಹೇಬರು. ಒಂದು ಮಧ್ಯಾಹ್ನ ನನ್ನ ಹಿಂದೆ ಬಂದು ನಿಂತು ಪರದೆಯ ಮೇಲೆ ಬೆರಳಿಟ್ಟರು. "ಊರ ಬಾವಿ ನೋಡ್ರೀ. ನಕ್ಷೆ ಬಾವಿ ಒಂದ್ ಕಡೆ, ನಾವ್ ಅಳ್ದಿರೋ ಬಾವಿ ಒಂದ್ ಕಡೆ. ಬಾವಿ ಏನ್ ಎದ್ದು ನಡ್ಕಂಡು ಹೋಯ್ತಾ? ನಿಮ್ಮ ರೆಫರೆನ್ಸ್ ಜಾರಿದೆ. ಯಾವ್ದೋ ಒಂದ್ ಕಲ್ಲು ಸುಳ್ಳು ಹೇಳ್ತಾ ಇದೆ."

ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಹಾಗಾಯಿತು. ಯಾವ ಕಲ್ಲು ಅಂತ ನನಗೆ ಆ ಕ್ಷಣವೇ ಗೊತ್ತಾಯಿತು. ಇಪ್ಪತ್ತು ವರ್ಷದ ಮೇಲಾಯಿತು, ಅಪ್ಪ ಬದುಕಿದ್ದ ಕಾಲ. ಮಳೆ ಬಿದ್ದು ನೆಲ ಮೆತ್ತಗಾಗಿದ್ದ ಒಂದು ಬೆಳಿಗ್ಗೆ ಅಪ್ಪ, "ಹಾರೆ ತಕಂಬಾರ್ಲಾ" ಅಂದ. ಇಬ್ಬರೂ ಸೇರಿ ಮೂಲೆಯ ಕಲ್ಲು ಕಿತ್ತು ದಾರಿಯ ಒಳಕ್ಕೆ ಹತ್ತು ಅಡಿ ಮುಂದೆ ನೆಟ್ಟೆವು. "ಈ ದಾರೀಲಿ ಎಷ್ಟ್ ಗಾಡಿ ಓಡಾಡ್ತವೆ ಬುಡು. ಒಂದ್ ಸಾಲು ತೆಂಗು ಆಯ್ತದೆ" ಅಂದ ಅಪ್ಪ. ಕಿತ್ತು ನೆಟ್ಟದ್ದು ಅಂತ ಯಾರಿಗೂ ಅನ್ನಿಸಬಾರದು ಎಂದು ಕಲ್ಲಿಗೆ ಸುಣ್ಣ ಬಳಿದು ಕುಂಕುಮ ಇಟ್ಟ. ಅಲ್ಲಿಂದ ಪ್ರತಿ ಆಯುಧಪೂಜೆಗೆ ಆ ಕಲ್ಲಿಗೂ ಒಂದು ಕಾಯಿ ಒಡೆದೆವು. ಅಷ್ಟು ವರ್ಷ ಕಾಯಿ ಒಡೆದ ಮೇಲೆ ಯಾರಿಗೆ ಅನುಮಾನ ಬರುತ್ತದೆ? ಸರಿಸಿದವನಿಗೇ ಮರೆತುಹೋಗಿತ್ತು. ನಿಜವಾಗಿಯೂ ಮರೆತಿದ್ದೆನೋ, ಮರೆತವನಂತೆ ಇದ್ದೆನೋ, ಈಗ ಆಣೆ ಮಾಡಿ ಹೇಳಲಾರೆ.

ಹಾರೆ ಹಿಡಿದವನೂ ನಾನೇ, ಆ ಕಲ್ಲನ್ನು ನಂಬಿ ನಕ್ಷೆ ಕೂರಿಸಿದವನೂ ನಾನೇ. ಕಲ್ಲು ದಾರಿಯೊಳಕ್ಕೆ ಹತ್ತು ಅಡಿ ಹೋಗಿತ್ತು. ಅದನ್ನು ಹಿಡಿದುಕೊಂಡು ಬಂದ ದಾರಿ ನಮ್ಮ ತೋಟದ ಎದುರು ಹತ್ತು ಅಡಿ ಆಚೆ ಸರಿದು ಅಜ್ಜಿಯ ಮನೆಯ ಮೇಲೆ ಹತ್ತಿತ್ತು. ಸರಿ ಮಾಡಿದರೆ ಅಜ್ಜಿಯ ಮನೆ ಉಳಿಯುತ್ತದೆ. ಅಪ್ಪ ಒತ್ತಿಕೊಂಡ ಸಾಲು ದಾರಿಗೆ ವಾಪಸು ಹೋಗುತ್ತದೆ, ಮಗು ಗಿಡದ ಸಮೇತ.

ಸಾಹೇಬರಿಗೆ "ನೋಡ್ತೀನಿ ಸಾರ್" ಅಂದೆ. ಮೂರು ದಿನ ನೋಡಲೇ ಇಲ್ಲ. ಬೇರೆ ಯಾರದೋ ಸೈಟಿನ ನಕ್ಷೆ ತೆಗೆದು ಕೂತೆ. ಆಫೀಸಿನಲ್ಲಿ ಯಾರಿಗೂ ಕಲ್ಲಿನ ಕಥೆ ಗೊತ್ತಿಲ್ಲ. ಬಾವಿಯನ್ನೇ ತಪ್ಪಾಗಿ ಅಳೆದಿದ್ದಾರೆ ಅಂದುಬಿಟ್ಟರೆ ಮುಗಿಯಿತು. ಇದೂ ಮನಸ್ಸಿಗೆ ಬಂತು, ಸುಳ್ಳು ಯಾಕೆ ಹೇಳಲಿ. ಮನೆಗೆ ಬಂದರೆ ಅಕ್ಕನ ಮುಖ, ಮುಂಬಾಗಿಲಿಗೆ ಹೋದರೆ ಅಜ್ಜಿಯ ಗೋಡೆಯ ಕೆಂಪು ಗೀಟು. ಅಪ್ಪನ ಮೇಲೆ ಎಂಥ ಸಿಟ್ಟು ಬಂತೆಂದರೆ, ಗೋಡೆಯ ಮೇಲಿದ್ದ ಅವನ ಫೋಟೋಗೆ ಆ ಮೂರು ದಿನ ಹೂವು ಇಡಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಅನ್ನುವುದೇನೋ ಸರಿ, ಆದರೆ ಅಪ್ಪ ಮಾಡಿದ್ದನ್ನು ಆ ಕೂಸು ಯಾಕೆ ಉಣ್ಣಬೇಕು?

ನಾಲ್ಕನೇ ದಿನ ಮಾಡಿದೆ. ನಮ್ಮ ಕಲ್ಲನ್ನು ಬಿಟ್ಟು ಊರ ಬಾವಿಯ ಮೂಲೆ ಹಿಡಿದೆ, ಮೂರು ಊರಿನ ಗಡಿ ಸೇರುವ ಕಲ್ಲು ಹಿಡಿದೆ. ನಕ್ಷೆಯ ಅಳತೆ ಹಿಗ್ಗಿಸಿ ಕುಗ್ಗಿಸಿ ಹೊಂದಿಸಲೇ ಅಂತ ಕಂಪ್ಯೂಟರ್ ಕೇಳಿತು. ಬೇಡ ಅಂದೆ. ನಕ್ಷೆ ಒಂದಿಷ್ಟು ತಿರುಗಿ ಕೂತಿತು. ಬಾವಿಯ ಮೇಲೆ ಬಾವಿ ಬಂತು, ಊರಿನ ಹಳೇ ಕಲ್ಲುಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಬಂದವು. ಮಗು ಗಿಡ ನಮ್ಮ ನಕ್ಷೆಯಲ್ಲಿ ಒಂದು ಸಣ್ಣ ಹಸಿರು ವೃತ್ತ, ಪಕ್ಕದಲ್ಲೊಂದು ನಂಬರು. ಅದು ರಸ್ತೆಯ ಒಳಗೆ ಬಿತ್ತು. ಸಾಹೇಬರ ಹತ್ತಿರ ಹೋಗಿ ಕಲ್ಲಿನ ವಿಷಯ ಪೂರ್ತಿ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಮನೇಲ್ ಹೇಳಿದ್ದೀರೇನ್ರೀ?" ಅಂದರು. ಹೇಳ್ತೀನಿ ಸಾರ್ ಅಂದೆ.

ಹೇಳಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂತ ಹದಿನೈದು ದಿನ ದಾಟಿತು. ಅಕ್ಕ ಕೇಳುವುದನ್ನು ಬಿಟ್ಟಿದ್ದಳು, ಉಳಿಯಿತು ಅಂತ ನಾನೇ ಹೇಳಿದ್ದೆನಲ್ಲ. ಊಟ ಕಮ್ಮಿ ಮಾಡಿದ್ದಳು. ಕೇಳಿದರೆ, ಸೇರ್ತಿಲ್ಲ ಬುಡು ಅನ್ನುತ್ತಿದ್ದಳು.

ಒಂದು ಸಂಜೆ ಮನೆಗೆ ಬಂದಾಗ ಅಕ್ಕ ಇರಲಿಲ್ಲ. ತೋಟಕ್ಕೆ ಹೋದೆ. ಮಗು ಗಿಡದ ಕಾಂಡಕ್ಕೆ ಕೆಂಪು ಬಣ್ಣದಲ್ಲಿ ನಂಬರು ಬರೆದಿದ್ದರು, ಇನ್ನೂ ಒಣಗಿರಲಿಲ್ಲ. ಬುಡದಲ್ಲಿ ಅಕ್ಕ ಕೂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಒಳ್ಳೆಯದಿತ್ತು.

"ಯಾವಾಗ ಗೊತ್ತಾಯ್ತು ನಿಂಗೆ?"

"ಹದಿನೈದ್ ದಿನದ್ ಮೇಲಾಯ್ತಕ್ಕ." ನಿಂತಲ್ಲೇ ಎಲ್ಲ ಹೇಳಿದೆ: ಅಪ್ಪನ ಕಲ್ಲು, ನನ್ನ ಹಾರೆ, ಬಾವಿ, ಅಜ್ಜಿಯ ಮನೆ.

"ಅಜ್ಜಿ ಗೋಡೆಗೆ ಗೀಟ್ ಎಳ್ದಾಗಿಂದ ನಂಗೆ ಅನ್ನ ಇಳೀತಿರ್ಲಿಲ್ಲ ಕಣಪ್ಪ. ಅವ್ರ್ ಮನೆ ಬಿದ್ದು ನನ್ ಮಗ್ಳು ಉಳೀಬೇಕಾ ಅಂತ. ನೀನೊಂದ್ ಮಾತು ಕೇಳಿದ್ರೆ, ಸರಿ ಮಾಡು ಅಂತ ನಾನೇ ಹೇಳ್ತಿದ್ದೆ. ಅವತ್ತೇ ಹೇಳಿದ್ರೆ ಈ ಹದಿನೈದ್ ದಿನ ಇಲ್ ಬಂದು ಕೂತು ಮಗ್ಳಿಗೆ ನಾನೇ ಹೇಳಿ ಕಳಿಸ್ಕೊಡ್ತಿದ್ದೆ."

"ತಪ್ಪಾಯ್ತಕ್ಕ. ನಿಂಗೆ ಹೆಂಗ್ ಹೇಳ್ಲಿ ಅಂತ—"

"ಅವತ್ತು ಆಸ್ಪತ್ರೇಲೂ ಹಂಗೇ ಮಾಡ್ದೆ. ಒಳಗಡೆ ಮಗು ಉಸ್ರು ನಿಂತು ಒಂದ್ ಗಂಟೆ ಆಗಿತ್ತು. ಹೊರಗಡೆ ನೀನು 'ಉಳೀತಾಳೆ ಕಣಕ್ಕ' ಅಂತ ನಂಗೆ ಟೀ ಕುಡಿಸ್ತಿದ್ದೆ." ಅಕ್ಕ ಬೆರಳಿನಿಂದ ಆ ಕೆಂಪು ಬಣ್ಣ ಮುಟ್ಟಿ ನೋಡಿದಳು. "ಎರಡ್ ಸಲಾನೂ ಊರಿಗೆಲ್ಲ ಗೊತ್ತಾದ್ಮೇಲೆ ಹೆತ್ತೋಳಿಗೆ ಗೊತ್ತಾಗಿದ್ದು."