ಜಿಮ್ಮಾದಲ್ಲಿ ಗೌರಿ ಹಬ್ಬ ಮಾಡಿದ ಪಂಚಮಿ ಟೀಚರ್

ಕಳಸದ ಹತ್ತಿರದ ಎಸ್ಟೇಟಿನ ಕಾಫಿ ಕಣದಲ್ಲಿ ಧನುರ್ಮಾಸದ ಮಂಜು ಇನ್ನೂ ಕರಗಿಲ್ಲ. ಹಣ್ಣು ಹರವುವ ಆಳುಗಳು ಬರುವ ಮೊದಲೇ ಪಂಚಮಿ ಟೀಚರ್ ಅಲ್ಲಿರುತ್ತಾರೆ. ಶಾಲು ಹೊದ್ದು, ಸಿಮೆಂಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ಇಂಗ್ಲಿಷ್ ವಾಕ್ಯ ಬರೆಯುತ್ತಾರೆ. ಆಳುಗಳ ಲೈನ್‌ಮನೆಯ ಹುಡುಗಿಯರು ಸುತ್ತ ಕೂತು ಗಟ್ಟಿಯಾಗಿ ಓದುತ್ತಾರೆ. ಎಸ್ಸೆಸ್ಸೆಲ್ಸಿಯ ಇಂಗ್ಲಿಷಿಗೆ ಹೆದರುವವರಿಗೆ ಇದು ಪುಕ್ಕಟೆ ಪಾಠ. ಮೇಸ್ತ್ರಿ ಬೆಳ್ಳಿಯಪ್ಪ ಬಂದು, "ಟೀಚರೇ, ಕಣ ಗುಡಿಸ್ಬೇಕಿತ್ತು" ಅನ್ನುವವರೆಗೂ ತರಗತಿ ನಡೆಯುತ್ತದೆ.

ಇವರು ಇಥಿಯೋಪಿಯಾದಲ್ಲಿ ಐದು ವರ್ಷ ಕಲಿಸಿ ಬಂದವರೆಂದು ಊರಿನಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

1999ರಲ್ಲಿ ಪಂಚಮಿ ಕೆಲಸ ಮಾಡುತ್ತಿದ್ದ ಖಾಸಗಿ ಶಾಲೆ ಮುಚ್ಚಿತು. ಅದೇ ಹೊತ್ತಿಗೆ ಇಥಿಯೋಪಿಯಾದ ಜಿಮ್ಮಾ ಎಂಬ ಊರಿನ ಶಾಲೆಯಿಂದ ಕರೆ ಬಂತು. ಪತಿ ವೆಂಕಟರಾಮ ಪೌರೋಹಿತ್ಯ ಬಿಟ್ಟು ಹೊರಡುವಂತಿರಲಿಲ್ಲ. "ನೀ ಹೋಗಿ ಬಾ ಮಾರಾಯ್ತಿ, ಹಬ್ಬ ಹರಿದಿನ ನಾನು ನೋಡ್ಕೊಳ್ತೇನೆ" ಎಂದು ಕಳಿಸಿಕೊಟ್ಟರು.

ಜಿಮ್ಮಾ ಕೂಡ ಕಾಫಿಯ ಸೀಮೆ. ಗುಡ್ಡ, ಜಡಿಮಳೆ, ಮರದ ನೆರಳಿನ ತೋಟ ಎಲ್ಲ ಇಲ್ಲಿಯಂತೆಯೇ. "ಅದೇ ಕಷ್ಟ ಆಯ್ತು ನೋಡಿ" ಎನ್ನುತ್ತಾರೆ ಪಂಚಮಿ. "ಕಿಟಕಿ ತೆಗೆದ್ರೆ ಕಳಸ. ಬಾಗಿಲು ತೆಗೆದ್ರೆ ನಮ್ಮೋರು ಒಬ್ರೂ ಇಲ್ಲ."

ಆ ವರ್ಷದ ಗೌರಿ ಹಬ್ಬ ಭಾನುವಾರ ಬಂದಿತ್ತು. ತವರಿನ ಬಾಗಿನವಿಲ್ಲದ ಮೊದಲ ಹಬ್ಬ. ಪಂಚಮಿ ಒಲೆ ಹಚ್ಚಲಿಲ್ಲ. ಪೆಟ್ಟಿಗೆ ಕಟ್ಟಿಟ್ಟರು. ನಾಳೆ ಹೆಡ್‌ಮಾಸ್ಟರಿಗೆ ಹೇಳಿ ಹೊರಟುಬಿಡುವುದೆಂದು ನಿಶ್ಚಯಿಸಿ ಮಲಗಿದ್ದಾಗ ಹೊರಗೆ ಹಾಡು ಕೇಳಿಸಿತು. ಬಾಗಿಲು ತೆರೆದರೆ ಪಕ್ಕದ ಮನೆಯ ಗಣಿತದ ಟೀಚರ್ ಅಲ್ಮಾಜ್, ಮುಂದೆ ಅವರ ಹೆಣ್ಣುಮಕ್ಕಳು, ಕೈತುಂಬ ಹಳದಿ ಹೂವು. ಅವರಿಗೆ ಅಂದು ಹೊಸ ವರ್ಷ. ಮನೆಮನೆಗೆ ಹೋಗಿ ಹಾಡಿ ಹೂ ಕೊಡುವುದು ಅಲ್ಲಿಯ ಪದ್ಧತಿ.

"ನಂಗೆ ಅಳು ತಡೀಲಿಲ್ಲ. ಮನೆಗೆ ಮುತ್ತೈದೆ ಬಂದಿದ್ದಾಳೆ, ಬರಿಗೈಲಿ ಕಳಿಸೋದು ಹೇಗೆ?"

ಕಟ್ಟಿದ ಪೆಟ್ಟಿಗೆ ಬಿಚ್ಚಿದರು. ಅಮ್ಮ ಹಾಕಿಕೊಟ್ಟಿದ್ದ ಅರಿಶಿನ, ಕುಂಕುಮ, ಹಸಿರು ಬಳೆ ತೆಗೆದರು. ಮೊರದ ಬದಲು ಅಲ್ಲಿಯದೇ ಹುಲ್ಲು ಹೆಣೆದ ತಟ್ಟೆಯಲ್ಲಿ ಅಕ್ಕಿ, ಬೇಳೆ ತುಂಬಿ ಅಲ್ಮಾಜ್ ಮುಂದೆ ಹಿಡಿದರು.

"ನಾನೇನು ಮಾಡಬೇಕು?" ಅಲ್ಮಾಜ್ ಕೇಳಿದರು.

"ಸೆರಗು ಮುಚ್ಚಿ ತಗೋಬೇಕು."

ಅಲ್ಮಾಜ್ ತನ್ನ ಬಿಳಿ ಹೊದಿಕೆಯ ಅಂಚನ್ನು ತಟ್ಟೆಯ ಮೇಲೆ ಮುಚ್ಚಿ ಬಾಗಿನ ತೆಗೆದುಕೊಂಡರು. ಆಮೇಲೆ ಮನೆಗೆ ಕರೆದೊಯ್ದು, ನೆಲಕ್ಕೆ ಹಸಿಹುಲ್ಲು ಹರಡಿ, ಕೆಂಡದ ಮೇಲೆ ಹಸಿ ಕಾಫಿಬೀಜ ಹುರಿದು, ಕುಟ್ಟಿ, ಕಾಫಿ ಕಾಸಿ ಕೊಟ್ಟರು. ಮಾರನೇ ದಿನ ಪಂಚಮಿ ಹೆಡ್‌ಮಾಸ್ಟರ ಬಳಿ ಹೋಗಲಿಲ್ಲ. ತರಗತಿಗೆ ಹೋದರು.

ಆಮೇಲಿನ ರಜೆಗಳಲ್ಲಿ ಗೆಳತಿಯರಿಬ್ಬರೂ ಬಸ್ಸು ಹತ್ತಿ ದೇಶ ಸುತ್ತಿದರು. ಒಂದು ಸಂಕ್ರಾಂತಿಯಂದು ತಾನಾ ಸರೋವರದ ದೋಣಿಯಲ್ಲಿ ಪಂಚಮಿ ಗುರುತಿಲ್ಲದವರಿಗೆಲ್ಲ ಎಳ್ಳುಬೆಲ್ಲ ಹಂಚಿದ್ದರು. "ಒಬ್ಬ ಅಜ್ಜ ಇನ್ನೊಮ್ಮೆ ಕೈ ಚಾಚಿದ" ಎಂದು ಈಗಲೂ ನಗುತ್ತಾರೆ.

ಊರಿಗೆ ಮರಳಿ ನಾಲ್ಕು ವರ್ಷವಾಯಿತು. ಏನಾದರೂ ಆಸೆ ಉಳಿದಿದೆಯೇ ಎಂದರೆ ಸೀರೆಗೆ ಅಂಟಿದ ಸೀಮೆಸುಣ್ಣದ ಪುಡಿ ಕೊಡವುತ್ತ ಹೇಳುತ್ತಾರೆ:

"ಅಲ್ಮಾಜ್ ಒಂದ್ಸಲ ಬರ್ಬೇಕು. ನಮ್ಮ ಕಡೆಯ ದೇವರಮನೆ ಗುಡ್ಡಕ್ಕೆ ಕರ್ಕೊಂಡು ಹೋಗ್ಬೇಕು. ಅಲ್ಲಿ ನಿಂತಾಗ ಅವ್ಳಿಗೆ ತನ್ನೂರು ನೆನಪಾಗಿ ಅಳು ಬಂದ್ರೆ... ಬರ್ಲಿ, ನಾನಿರ್ತೇನಲ್ಲ."